ಪ್ರೋಗ್ರೆಸ್ ಬಾರ್ ಮಹಾಶಯರಿಗೊಂದು ಬಹಿರಂಗ ಪತ್ರ

ಆನ್‌ಲೈನ್ ಪಾಠದ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ವಿರಾಜಮಾನರಾಗಿರುವ ಶ್ರೀ ಪ್ರೋಗ್ರೆಸ್ ಬಾರ್ ಅವರ ಸನ್ನಿಧಾನಕ್ಕೆ,



ನಮ್ಮ ಕಾಲೇಜಿನ ಪ್ರೋಗ್ರಾಮಿಂಗ್ ಲಾಜಿಕ್ ಕೋರ್ಸನ್ನು ನಾನು ಶೇ 100 ಮುಗಿಸಿದ್ದೇನೆಂದು ತಾವು ಘೋಷಿಸಿದಿರಿ. ಅಪ್ಪ ಅದರ ಸ್ಕ್ರೀನ್‌ಶಾಟನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ದೊಡ್ಡಪ್ಪ ಬೆಂಗಳೂರಿನಲ್ಲಿ ಕೆಲಸ ಸಿಕ್ಕೇಬಿಟ್ಟಿತು ಎಂಬಂತೆ ಹರಸಿದರು. ಒಂದರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಕೂಡಿಸುವ ಒಂದು ಲೂಪ್ ಬರೆದು ತೋರಿಸು ಎಂದು ಮಾತ್ರ ಯಾರೂ ಕೇಳಲಿಲ್ಲ. ದೇವರು ದೊಡ್ಡವನು.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಸಿಗ್ನಲ್‌ನಲ್ಲಿ ಗಾಡಿ ನಿಂತರೂ ಏರುತ್ತಲೇ ಇರುವ ಆಟೋ ಮೀಟರಿನ ಹಾಗೆ, ಕುರ್ಚಿಯಲ್ಲಿ ಯಾರೂ ಇಲ್ಲದಿದ್ದರೂ ತಾವು ಮುಂದೆ ಸಾಗುತ್ತೀರಿ. ವಿಡಿಯೋವನ್ನು ದುಪ್ಪಟ್ಟು ವೇಗಕ್ಕೆ ಹಾಕಿದರೆ ಉಪನ್ಯಾಸಕರು ಉಸಿರು ಬಿಡದೆ ಪಾಠ ಮುಗಿಸುತ್ತಾರೆ, ನಾವು ಊಟ ಮುಗಿಸುತ್ತೇವೆ. ಇಬ್ಬರ ಕೆಲಸವೂ ಆಯಿತು.

ನಾವೇನೂ ಕಲಿತಿಲ್ಲ ಎಂದು ಮಾತ್ರ ಯಾರೂ ಹೇಳುವ ಹಾಗಿಲ್ಲ. ಯಾವ ಪ್ರೋಗ್ರಾಮನ್ನಾದರೂ ಮೂರೇ ಬಗೆಯ ಜೋಡಣೆಯಲ್ಲಿ ಬರೆಯಬಹುದೆಂದು ಗಣಕ ವಿಜ್ಞಾನಿಗಳಾದ ಬೋಮ್ ಮತ್ತು ಯಾಕೋಪಿನಿ 1966ರ ಪ್ರಬಂಧದಲ್ಲಿ ತೋರಿಸಿದರು: ಒಂದಾದ ಮೇಲೊಂದು ನಡೆಯುವುದು, ಷರತ್ತು ನೋಡಿ ದಾರಿ ಆರಿಸುವುದು, ಮಾಡಿದ್ದನ್ನೇ ಮತ್ತೆ ಮಾಡುವುದು. ನಮ್ಮ ತರಗತಿಗೆ ಈ ಮೂರೂ ಕರಗತ. ವಿಡಿಯೋಗಳನ್ನು ಒಂದಾದ ಮೇಲೊಂದು ಓಡಿಸುತ್ತೇವೆ. ಕ್ವಿಜ್ ಬಂದರೆ ಗೆಳೆಯರ ಗುಂಪಿನಲ್ಲಿ ಉತ್ತರ ಹುಡುಕುತ್ತೇವೆ, ಇಲ್ಲವಾದರೆ ಮಲಗುತ್ತೇವೆ. ಪಾಸಾಗುವವರೆಗೂ ‘ಮತ್ತೆ ಪ್ರಯತ್ನಿಸಿ’ ಒತ್ತುತ್ತೇವೆ. ಪ್ರಶ್ನೆಗೆ ನಾಲ್ಕೇ ಆಯ್ಕೆ ಇರುವುದರಿಂದ ಈ ಲೂಪ್ ಹೆಚ್ಚೆಂದರೆ ನಾಲ್ಕು ಸುತ್ತಿಗೆ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚಿನ ಲಾಜಿಕ್ ಬೇಕೆ?

ಆದರೆ ಒಂದು ಸಣ್ಣ ಅರಿಕೆ. ಸೆಮಿಕೋಲನ್ ಬಿಟ್ಟರೆ ಕಂಪೈಲರ್ ಕೂಗಾಡುತ್ತದೆ, ಅದು ಸಿಂಟ್ಯಾಕ್ಸ್ ಎರರ್. ಹತ್ತರವರೆಗೆ ಕೂಡಿಸುವ ಲೂಪಿನಲ್ಲಿ ‘ಐ <= 10’ ಎನ್ನುವ ಕಡೆ ‘ಐ < 10’ ಎಂದು ಬರೆದರೆ 55ರ ಬದಲು 45 ಬರುತ್ತದೆ. ಕಂಪೈಲರ್ ತುಟಿಪಿಟಕ್ಕೆನ್ನುವುದಿಲ್ಲ. ಇದು ಲಾಜಿಕ್ ಎರರ್. ಸಿ ಭಾಷೆಯಲ್ಲಿ ‘ಇಫ್ (ಮಾರ್ಕ್ಸ್ == 35)’ ಎಂದು ಹೋಲಿಸಿ ನೋಡಬೇಕಾದಲ್ಲಿ ಒಂದು ಸಮಚಿಹ್ನೆ ಬಿಟ್ಟು ‘ಇಫ್ (ಮಾರ್ಕ್ಸ್ = 35)’ ಎಂದರಂತೂ ಹಬ್ಬ. ಸೊನ್ನೆ ತೆಗೆದವನ ಅಂಕವೂ 35 ಆಗುತ್ತದೆ, ತೊಂಬತ್ತು ತೆಗೆದವಳದ್ದೂ 35 ಆಗುತ್ತದೆ, ಷರತ್ತು ಸದಾ ನಿಜವಾಗುತ್ತದೆ. ಕಂಪೈಲರ್ ಹೆಚ್ಚೆಂದರೆ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತದೆ.

ಮಹಾಶಯರೇ, ತಾವೂ ಇಂಥದ್ದೇ ಒಂದು ಇಫ್. ‘ವಿಡಿಯೋ ಮುಗಿಯಿತೇ, ಕ್ವಿಜ್ ದಾಟಿತೇ?’ ಎನ್ನುವುದಷ್ಟೇ ತಮ್ಮ ಷರತ್ತು. ‘ತಿಳಿಯಿತೇ?’ ಎಂಬ ಪ್ರಶ್ನೆ ತಮ್ಮ ಕೋಡಿನಲ್ಲೆಲ್ಲೂ ಇಲ್ಲ. ಹಾಗಾಗಿ ಯಾರು ಬಂದರೂ ಪಾಸು. ಲಾಜಿಕ್ ಕಲಿಸುವ ಕೋರ್ಸಿನಲ್ಲಿ ಅತಿ ದೊಡ್ಡ ಲಾಜಿಕ್ ಎರರ್ ತಾವೇ.

ತಮ್ಮ ಸಾಮ್ರಾಜ್ಯ ಬೆಳೆಯುತ್ತಲೂ ಇದೆ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯ ಆನ್‌ಲೈನ್ ಕೋರ್ಸ್‌ಗಳಿಗೆ 2016ರ ಯುಜಿಸಿ ನಿಯಮದಲ್ಲಿ ಒಂದು ಸೆಮಿಸ್ಟರ್‌ನ ಒಟ್ಟು ಕೋರ್ಸ್‌ಗಳಲ್ಲಿ ಶೇ 20ರ ಮಿತಿಯಿತ್ತು, 2021ರಲ್ಲಿ ಅದು ಶೇ 40ಕ್ಕೇರಿತು. ಆ ವೇದಿಕೆಗೆ ಕೋರ್ಸ್ ಕೊಡುವ, ಐಐಟಿಗಳ ಎನ್‌ಪಿಟಿಇಎಲ್‌ನವರು ಮಾತ್ರ ತಮ್ಮನ್ನು ಪೂರ್ತಿ ನಂಬಿದಂತಿಲ್ಲ. ಅಲ್ಲಿ ಸಾಮಾನ್ಯವಾಗಿ ವಾರದ ಅಸೈನ್‌ಮೆಂಟ್‌ಗಳಿಗೆ 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಕೂತು ಬರೆಯುವ ಪರೀಕ್ಷೆಗೆ 75 ಅಂಕ. ತಮ್ಮಂಥವರಿಗೆ ಎಂಥ ಅವಮಾನ!

ಆ ಅವಮಾನ ನಮ್ಮ ಕಾಲೇಜಿನಲ್ಲೂ ತಮಗಾಗಲಿ ಎಂಬುದೇ ನನ್ನ ಬಿನ್ನಹ. ಲಾಜಿಕ್ ಕಲಿಯಲು ದುಬಾರಿ ಲ್ಯಾಪ್‌ಟಾಪೂ ಬೇಡ, ವೇಗದ ಇಂಟರ್‌ನೆಟ್ಟೂ ಬೇಡ. ಒಂದು ಹಾಳೆಯಲ್ಲಿ ‘ಐ’ಗೊಂದು, ‘ಸಮ್’ಗೊಂದು ಕಾಲಮ್ ಎಳೆದು, ಲೂಪಿನ ಪ್ರತಿ ಸುತ್ತಿನಲ್ಲೂ ಯಾವ ಬೆಲೆ ಏನಾಯಿತೆಂದು ಪೆನ್ಸಿಲ್‌ನಲ್ಲಿ ಬರೆಯುತ್ತ ಹೋದರೆ 45 ಎಲ್ಲಿಂದ ಬಂತೆಂಬುದು ಕಣ್ಣಿಗೇ ಕಾಣುತ್ತದೆ. ಹಳೆಯ ಮೇಷ್ಟ್ರುಗಳು ಇದನ್ನು ಡ್ರೈ ರನ್ ಎಂದು ಬೋರ್ಡಿನ ಮೇಲೆ ಮಾಡಿಸುತ್ತಿದ್ದರು. ಇನ್ನು ಮುಂದೆ ಪ್ರತಿ ಅಧ್ಯಾಯಕ್ಕೂ ಹೀಗೊಂದು ಡ್ರೈ ರನ್ ಹಾಳೆಯನ್ನು ವಿದ್ಯಾರ್ಥಿ ಬರೆದು ತರಲಿ, ಮೇಷ್ಟ್ರು ಎದುರಿಗೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಲಿ. ಅಲ್ಲಿಯವರೆಗೆ ತಾವು ಒಂದು ಕೂದಲೆಳೆಯಷ್ಟೂ ಮುಂದೆ ಸರಿಯಬೇಡಿ. ಎಲ್ಲರನ್ನೂ ಪಾಸು ಮಾಡುವ ಷರತ್ತು ಷರತ್ತೇ ಅಲ್ಲ.

ಇಂತಿ ತಮ್ಮ ವಿಧೇಯ,
ಬಿಸಿಎ ಮೊದಲ ಸೆಮಿಸ್ಟರ್‌ನ ವಿದ್ಯಾರ್ಥಿ