ಮುಂದಕ್ಕೆ ಹೋಗುವ ರಜೆ

1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ವಾರ್ಷಿಕ ರಜೆಗೆ 240 ದಿನ ದುಡಿದಿರಬೇಕಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲಿ 180 ದಿನ ಸಾಕು. ಎರಡರಲ್ಲೂ 20 ದಿನದ ದುಡಿಮೆಗೆ ಒಂದು ದಿನ ರಜೆ. ರಾಜರಾಜೇಶ್ವರಿನಗರದ ಕಮಾನಿನ ಬಳಿಯ ಟೀ ಅಂಗಡಿಯಲ್ಲಿ, ಕಾರ್ಖಾನೆಯ ಕೆಲಸಗಾರ ಗೌಡ ಮತ್ತು ಅವನ ಸೂಪರ್‌ವೈಸರ್ ನಡುವೆ ಈ ಕಾನೂನಿನ ಜಾರಿ ಹೀಗೆ:

ಗೌಡ: ಸಾರ್, ಊರಹಬ್ಬಕ್ಕೆ ರಜಾ ಬೇಕಿತ್ತು.

ಸೂಪರ್‌ವೈಸರ್: ಹಬ್ಬಕ್ಕೆ ಎಲ್ಲರೂ ಕೇಳ್ತಾರೆ. ಆಗಲ್ಲ.

ಗೌಡ: ಹಬ್ಬ ಆದ್ಮೇಲೆ?

ಸೂಪರ್‌ವೈಸರ್: ಆಗ ಯಾರೂ ಕೇಳಲ್ಲ. ನಿಂಗ್ಯಾಕೆ?

ಗೌಡ: ಮಾರ್ಚ್?

ಸೂಪರ್‌ವೈಸರ್: ವರ್ಷದ ಕೊನೆ.

ಗೌಡ: ಏಪ್ರಿಲ್?

ಸೂಪರ್‌ವೈಸರ್: ವರ್ಷದ ಶುರು. ಕೆಲಸ ಇಲ್ಲದಾಗ ತಗೋಳಯ್ಯ.

ಗೌಡ: ಭಾನುವಾರ ತಗೊಳ್ಲಾ?

ಸೂಪರ್‌ವೈಸರ್: ಭಾನುವಾರ ಓಟಿ ಐತಲ್ಲ!

ಗೌಡ: ಕೊಡದೇ ಇದ್ದ ರಜಾ ಮಿತಿಯಿಲ್ಲದೆ ಮುಂದಕ್ಕೆ ಹೋಗ್ತದಂತೆ?

ಸೂಪರ್‌ವೈಸರ್: ಹೌದು, ಕಾನೂನು ಹಂಗೇ ಇದೆ.

ಗೌಡ: ಸರಿ ಬಿಡಿ. ನಾನು ಹೋಗದಿದ್ರೂ ರಜಾನಾದ್ರೂ ಹೋಗ್ತಾ ಇರ್ಲಿ.