ಅರವತ್ತು ದಾಟಿದ ಜೋಡಿ ಜಟ್ಟಿಗಳು

ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ, ಅಂದರೆ ಸೋಲು-ಗೆಲುವು ಮೊದಲೇ ನಿಶ್ಚಯವಾಗಿದ್ದರೂ ಪೆಟ್ಟು ಮಾತ್ರ ನಿಜವಾಗಿಯೇ ಬೀಳುವ ಪ್ರದರ್ಶನದಲ್ಲಿ, 1983ರಲ್ಲಿ ಮೆಂಫಿಸ್‌ನಲ್ಲಿ ಒಂದಾದ ರಿಕಿ ಮಾರ್ಟನ್ ಮತ್ತು ರಾಬರ್ಟ್ ಗಿಬ್ಸನ್‌ರ 'ರಾಕ್ ಎನ್ ರೋಲ್ ಎಕ್ಸ್‌ಪ್ರೆಸ್' ಜೋಡಿಯಲ್ಲಿ ಹೆಚ್ಚಿನವರು ಯಾರೆಂಬ ಅಭಿಮಾನಿಗಳ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಮನಸಾರೆ ಒದೆ ತಿಂದ ಮಾರ್ಟನ್ ತೆವಳುತ್ತ ಮೂಲೆಗೆ ಬಂದು, ಹಗ್ಗದಾಚೆಯಿಂದ ಕೈಚಾಚಿ ನಿಂತ ಗಿಬ್ಸನ್‌ರ ಅಂಗೈ ಮುಟ್ಟಿ ಅವರನ್ನು ಕಣಕ್ಕಿಳಿಸುವ ಗಳಿಗೆಗೆ 'ಹಾಟ್ ಟ್ಯಾಗ್' ಎಂದು ಹೆಸರು. ಒದೆ ತಿನ್ನುವ ಪಾತ್ರಕ್ಕೇ ಕುಸ್ತಿವಲಯದಲ್ಲಿ ಮಾರ್ಟನ್‌ರ ಹೆಸರು ಅಂಟಿಕೊಂಡಿರುವುದರಿಂದ ಜೋಡಿಯ ಜೀವ ಅವರೇ ಎಂಬುದು ಒಂದು ಪಂಥದ ವಾದವಾದರೆ, ಮುಟ್ಟಿಸಿಕೊಳ್ಳಲು ಒಬ್ಬರಿರದಿದ್ದರೆ ಅವರು ಇಂದಿಗೂ ತೆವಳುತ್ತಲೇ ಇರುತ್ತಿದ್ದರು ಎಂಬುದು ಗಿಬ್ಸನ್ ಪಕ್ಷದವರ ತಕರಾರು. ಅರವತ್ತಕ್ಕೆ ಅರಳುಮರಳು ಎಂಬ ನ್ಯಾಯದಿಂದ ಇಬ್ಬರಿಗೂ ನಿವೃತ್ತಿ ವಿಧಿಸಬಯಸುವವರ ತೀರ್ಪು ಮಾತ್ರ ಊರ್ಜಿತವಾಗಲಿಲ್ಲ: ಅರವತ್ತು ದಾಟಿದ ಈ ಜೋಡಿ 2019ರಲ್ಲಿ ಎನ್‌ಡಬ್ಲ್ಯೂಎ ಎಂಬ ಕುಸ್ತಿ ಸಂಸ್ಥೆಯ ವಿಶ್ವ ಟ್ಯಾಗ್ ಟೀಮ್ (ಜೋಡಿ) ಪಟ್ಟವನ್ನು ಮತ್ತೆ ಗೆದ್ದುಕೊಂಡಿತು.