ಸರ್ವರ್ ರಾಯರು

ಸರ್ವರ್ ರಾಯರು ಎಂದು ಅವರಿಗೆ ಹೆಸರಿಟ್ಟವನು ನಾನೇ. ಎದುರುಮನೆಯ ಅಜ್ಜಿ ಅದನ್ನು ಕೇಳಿ, "ಪಾಪ, ಯಾವ ಹೋಟ್ಲಲ್ಲಿದ್ರು?" ಎಂದು ಮರುಗಿದ್ದರು. ಅಜ್ಜಿಯ ಎಣಿಕೆ ಪೂರ್ತಿ ತಪ್ಪೇನಲ್ಲ. ಬಂದವರಿಗೆ ಜಾಗ ತೋರಿಸುವುದು, ಗಲಾಟೆ ಮಾಡಿದವರನ್ನು ಸಾಗಹಾಕುವುದು, ಎಲ್ಲರೂ ಎದ್ದುಹೋದ ಮೇಲೆ ಮೇಜು ಒರೆಸುವುದು, ರಾಯರು ಮಾಡುವುದೂ ಇದನ್ನೇ. ಟಿಪ್ಸ್ ಮಾತ್ರ ಇಲ್ಲ.

2019ರಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಗೆ ಟ್ವಿಟರ್ ಬೀಗ ಜಡಿದಾಗ, ಸಿಟ್ಟಿನಲ್ಲಿ ಮಾಸ್ಟೊಡಾನ್ ಎಂಬ ಇನ್ನೊಂದು ಜಾಲತಾಣಕ್ಕೆ ಗುಳೆ ಹೊರಟ ಭಾರತೀಯರಲ್ಲಿ ರಾಯರೂ ಒಬ್ಬರು. ಸಿಟ್ಟು ಇಳಿದ ಮೇಲೆ ಬಹಳ ಮಂದಿ ವಾಪಸಾದರು. ರಾಯರು ತಮ್ಮದೇ ಒಂದು ಸರ್ವರ್ ಇಟ್ಟುಕೊಂಡು ಅಲ್ಲೇ ಬೇರುಬಿಟ್ಟರು. "ಇಲ್ಲಿ ದಣಿ ಅಂತ ಒಬ್ಬ ಇಲ್ಲ ಕಣ್ರೀ. ಯಾರು ಬೇಕಾದ್ರೂ ಸರ್ವರ್ ಇಟ್ಕೋಬಹುದು. ಒಂದೊಂದು ಸರ್ವರೂ ಒಂದೊಂದು ಊರು." ಊರೂರ ನಡುವಿನ ಮಾತುಕತೆಗೆ ಆಕ್ಟಿವಿಟಿಪಬ್ ಎಂಬ ಕಟ್ಟಳೆಯಿದೆ, 2018ರಲ್ಲೇ ವೆಬ್ಬಿನ ಕಟ್ಟಳೆಗಳನ್ನು ಮಾಡುವ ಡಬ್ಲ್ಯೂ3ಸಿ ಸಂಸ್ಥೆ ಅದಕ್ಕೆ ಮುದ್ರೆ ಒತ್ತಿದೆ ಎಂಬುದನ್ನೆಲ್ಲ ನನ್ನ ಮಗಳ ಆರತಕ್ಷತೆಯ ಪಂಕ್ತಿಯಲ್ಲಿ, ಹೋಳಿಗೆ ಬರುವುದರೊಳಗೆ ಹೇಳಿ ಮುಗಿಸಿದರು.

ಊರು ಕಟ್ಟಿದ ಮೇಲೆ ಜನ ಬೇಡವೆ? 2022ರಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡರು, ಮಾಸ್ಟೊಡಾನಿಗೆ ದಂಡೇ ಬಂತು. ರಾಯರ ಊರಿಗೂ ಹತ್ತಾರು ಒಕ್ಕಲು ಬಂದವು. ಮೊದಲ ವಾರ ಹಬ್ಬ. ಎರಡನೆಯ ವಾರ ರಾಯರ ಮುಖ ಸಣ್ಣದಾಗಿತ್ತು. "ಜನ ಬರ್ಬೇಕು, ನಿಜ. ಆದ್ರೆ ಅಲ್ಲಿದ್ದ ಹಾಗೇ ಇಲ್ಲೂ ಇರ್ತಾರಲ್ರೀ!" ಯಾರೋ ಬೆಣ್ಣೆದೋಸೆಯ ಚಿತ್ರ ಹಾಕಿದ್ದ. ತಿಂಡಿಯ ಚಿತ್ರಕ್ಕೆ ಎಚ್ಚರಿಕೆಯ ತೆರೆ ಎಳೆದಿಲ್ಲವೆಂದು ಇನ್ನೊಬ್ಬ ದೂರು ಕೊಟ್ಟ. ದೋಸೆಗೂ ಪರದೆಯೇ ಎಂದು ಮೂರನೆಯವನು ನಕ್ಕ. ನಕ್ಕಿದ್ದಕ್ಕೆ ನಾಲ್ಕು ದೂರು. ಐದಿದ್ದ ನಿಯಮಗಳು ಮೂವತ್ತೊಂದಾದವು. ಹದಿನೇಳನೆಯದು ಪೂರ್ತಿ ದೋಸೆಗೇ ಮೀಸಲು.

ಆಮೇಲೆ ರಾಯರಿಗೆ ಹತ್ತಿದ್ದು ಡಿಫೆಡರೇಟ್ ಮಾಡುವ, ಎಂದರೆ ಇನ್ನೊಂದು ಸರ್ವರಿನ ಕೊಂಡಿಯನ್ನೇ ಕಳಚುವ ಚಟ. ಒಬ್ಬ ಪುಂಡನ ದೆಸೆಯಿಂದ ಇಡೀ ಊರಿಗೆ ಹೆಣ್ಣು ಕೊಡುವುದು ತರುವುದು ನಿಲ್ಲಿಸಿದ ಹಾಗೆ. ಹಾಗೆ ಮಾಡುವವರ ಕಷ್ಟ ಸುಳ್ಳೇನಲ್ಲ. 2023ರ ಜೂನಿನಲ್ಲಿ ರೆಡ್ಡಿಟ್ ಮೇಲೆ ಮುನಿದವರು ಮಾಸ್ಟೊಡಾನಿನಂತೆಯೇ ಊರೂರಾಗಿ ಹಂಚಿಕೊಂಡಿರುವ ಲೆಮ್ಮಿ ಎಂಬ ತಾಣಕ್ಕೆ ನುಗ್ಗಿದಾಗ, ಬೀಹಾ ಎಂಬ ಸರ್ವರಿನವರು ಲೆಮ್ಮಿ ವರ್ಲ್ಡ್ ಎಂಬ ದೊಡ್ಡ ಊರಿನ ದಾರಿಯನ್ನೇ ಮುಚ್ಚಿಬಿಟ್ಟರು. ಅಲ್ಲಿ ಬಂದವರಿಗೆಲ್ಲ ಬಾಗಿಲು ತೆಗೆದಿತ್ತು. ಬೀಹಾದಲ್ಲಿ ಸಂಭಾಳಿಸುವವರು ನಾಲ್ಕೇ ಜನ. ರಾಯರಿಗೆ ಇದು ಪುರಾಣದಷ್ಟು ಪ್ರಿಯವಾದ ಕತೆ. ಆದರೆ ಅವರ ಊರಿನಲ್ಲಿ ಆ ನಾಲ್ವರೂ ಅವರೊಬ್ಬರೇ. ಗೌಡ, ಶಾನುಭೋಗ, ತಳವಾರ, ತೋಟಿ. ಬೆಳಿಗ್ಗೆ ಹಲ್ಲುಜ್ಜುತ್ತಲೇ ಒಂದು ಊರನ್ನು ಕೈಬಿಡುತ್ತಿದ್ದರು, ಸಂಜೆ ಕಾಫಿಗೆ ಇನ್ನೊಂದು.

ಗೆಳೆಯರ ಕೊಂಡಿ ತಪ್ಪಿದ ಒಕ್ಕಲುಗಳು ಗಂಟುಮೂಟೆ ಕಟ್ಟಿದವು. ಗಂಟುಮೂಟೆ ಎಂದದ್ದು ತಪ್ಪಾಯಿತು. ಮಾಸ್ಟೊಡಾನಿನಲ್ಲಿ ಮನೆ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ನೆಂಟರನ್ನು ಕರೆದುಕೊಂಡು, ಪಾತ್ರೆಪಗಡ ಬಿಟ್ಟು ಹೋದ ಹಾಗೆ. ಆ ಪಾತ್ರೆಪಗಡ ಇಟ್ಟ ಜಾಗಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುವವರು ರಾಯರು. ದೋಸೆಯೂ ಅಲ್ಲೇ ಇದೆ, ತೆರೆಯ ಹಿಂದೆ.

ಈಗ ಊರಿನಲ್ಲಿ ಉಳಿದಿರುವುದು ಅವರು ಮತ್ತು ನಾನು. ನಾನು ಪಾಸ್‌ವರ್ಡ್ ಮರೆತು ಉಳಿದವನು.

ಮೊನ್ನೆ ರಾತ್ರಿ ಹತ್ತಕ್ಕೆ ರಾಯರ ಫೋನು. ಎಷ್ಟೋ ಕಾಲದ ಮೇಲೆ ಹೊಸ ಅರ್ಜಿಯೊಂದು ಬಂದಿದೆಯಂತೆ. ಸಂತೋಷ ಎಂದೆ.

"ಏನ್ ಸಂತೋಷ ರೀ, ನಮ್ಮನೆಯವಳ ತಮ್ಮ. ಒಳಗೆ ಬಿಟ್ರೆ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಗುಲಾಬಿ ಹಾಕ್ತಾನೆ. ಬಿಡ್ಲಿಲ್ಲಾಂದ್ರೆ ನಂಗೆ ಮನೇಲಿ ಅನ್ನ ಹುಟ್ಟಲ್ಲ." ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ದನಿ ತಗ್ಗಿತು. "ನಿಮ್ಮನ್ನ ಮಾಡರೇಟರ್ ಮಾಡಿದೀನಿ. ಹೊಸ ಪಾಸ್‌ವರ್ಡೂ ಕಳಿಸಿದೀನಿ. ಆ ಅರ್ಜಿ ಒಂಚೂರು ನೀವೇ ನೋಡ್ಕೊಂಡ್ಬಿಡಿ."